ಫೈಬರ್‌ಗ್ಲಾಸ್ ಫ್ಲೈ ರಾಡ್‌ಗೆ ಒಪ್ಪುವ ದಾರ

ನದಿಯ ಟ್ರೌಟ್ ಮೀನಿಗೆ ಕೃತಕ ನೊಣ ಎಸೆಯುವ ಫ್ಲೈ ಫಿಶಿಂಗ್‌ನಲ್ಲಿ ಎಸೆತಕ್ಕೆ ಬೇಕಾದ ತೂಕ ಇರುವುದು ದಾರದಲ್ಲಿ; ನೊಣ ತೀರಾ ಹಗುರ. ದಾರದ ಮೊದಲ 30 ಅಡಿಯ ತೂಕದಿಂದ ಅದರ ಸಂಖ್ಯೆ ನಿಗದಿಯಾಗುತ್ತದೆ: 4ಕ್ಕೆ 120 ಗ್ರೇನ್, 5ಕ್ಕೆ 140 (ಸುಮಾರು 9 ಗ್ರಾಂ), 6ಕ್ಕೆ 160. ಎರಡನೇ ಮಹಾಯುದ್ಧದ ನಂತರ ಬಿದಿರಿನ ಜಾಗಕ್ಕೆ ಬಂದ ಫೈಬರ್‌ಗ್ಲಾಸ್ ಕೋಲು, 1970ರ ದಶಕದ ಕಾರ್ಬನ್ ಕೋಲಿಗಿಂತ ನಿಧಾನವಾಗಿ, ಹಿಡಿಯ ಹತ್ತಿರದವರೆಗೂ ಬಾಗುತ್ತದೆ. ಬಿರುಸಾದ ಕಾರ್ಬನ್ ಕೋಲುಗಳಿಗೆಂದೇ ಅರ್ಧ ಸಂಖ್ಯೆಯಷ್ಟು ಹೆಚ್ಚು ಭಾರವಾಗಿ ಮಾಡಿದ ದಾರಗಳು ಇದಕ್ಕೆ ಹೊರೆ. ಮಾನಕ ತೂಕದ, ಎರಡೂ ತುದಿ ಸಪೂರವಾಗುವ ಡಬಲ್ ಟೇಪರ್ ದಾರವೇ ಉತ್ತಮ. ನೊಣ ನೀರಿನ ಮೇಲೆ ಮೆಲ್ಲಗೆ ಇಳಿಯುತ್ತದೆ, ಒಂದು ತುದಿ ಸವೆದರೆ ತಿರುಗಿಸಿ ಬಳಸಬಹುದು. 20 ಅಡಿಯೊಳಗೇ ಎಸೆಯುವ ಕಿರುತೊರೆಯಲ್ಲಿ ಮಾತ್ರ ಒಂದು ಸಂಖ್ಯೆ ಹೆಚ್ಚಿನ ದಾರ ಒಪ್ಪೀತು.