ಮೂರು ಕಾಲಮ್ಮಿನ ಇಂಗ್ಲಿಷ್

1586ರಲ್ಲಿ ಲಂಡನ್ನಿನಲ್ಲಿ ‘ಫೆಮಿಲಿಯರ್ ಡೈಲಾಗ್ಸ್’ ಎಂಬ ಸಣ್ಣ ಪುಸ್ತಕವೊಂದು ಅಚ್ಚಾಯಿತು. ಬರೆದವನು ಜಾಕ್ ಬೆಲ್ಲೊ, ಫ್ರಾನ್ಸಿನ ಕಾನ್ ಪಟ್ಟಣದಿಂದ ಬಂದ ಮೇಷ್ಟರು. ಅಚ್ಚು ಹಾಕಿದ ತೋಮಾ ವೋತ್ರೋಲಿಯೆ ಕೂಡ ಫ್ರಾನ್ಸಿನಿಂದ ಬಂದವನೇ. ಪುಸ್ತಕ ಯಾರಿಗಾಗಿ ಇತ್ತೋ ಅವರೂ ಅಲ್ಲಿಂದ ಬಂದವರೇ. ಪುಟ ತೆರೆದರೆ ಮೂರು ಕಾಲಮ್ಮು. ಒಂದರಲ್ಲಿ ಇಂಗ್ಲಿಷ್ ಮಾತು, ಇನ್ನೊಂದರಲ್ಲಿ ಅದರ ಫ್ರೆಂಚ್ ಅರ್ಥ, ಮತ್ತೊಂದರಲ್ಲಿ ಅದೇ ಇಂಗ್ಲಿಷ್ ಮಾತು, ಆದರೆ ಫ್ರೆಂಚ್ ಓದಬಲ್ಲವರು ಓದಿದರೆ ಬಾಯಿಂದ ಇಂಗ್ಲಿಷೇ ಬರುವ ಹಾಗೆ ಫ್ರೆಂಚ್ ಕಾಗುಣಿತದಲ್ಲಿ.

ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಥರದ ಪುಸ್ತಕ ಕೊಂಡವರಿಗೆ ಈ ಪುಟವನ್ನು ವಿವರಿಸಬೇಕಾಗಿಲ್ಲ. ಕಪಿಲ್ ದೇವ್ ಜಾಹೀರಾತಿನಲ್ಲಿ ಕಾಣಿಸಿಕೊಂಡ ರಾಪಿಡೆಕ್ಸ್ ಪುಸ್ತಕವನ್ನು ಕನ್ನಡದಲ್ಲಿ ಓದಿದವರ ತಲೆಯಲ್ಲಿ ‘ವಾಟ್ ಈಸ್ ಯುವರ್ ನೇಮ್’ ಎಂಬುದು ಇಂದಿಗೂ ಕನ್ನಡ ಅಕ್ಷರದಲ್ಲೇ ಕೂತಿರುತ್ತದೆ. ನಾಲ್ಕು ಶತಮಾನ ಕಳೆದರೂ ಹೊಸ ಭಾಷೆಗೆ ಹೆದರುವವರಿಗೆ ಕೊಡುವ ಊರುಗೋಲು ಮಾತ್ರ ಬದಲಾಗಿಲ್ಲ.

ಬೆಲ್ಲೊನ ಓದುಗರಿಗೆ ಹೆದರಿಕೆ ಇದ್ದದ್ದು ಬರೀ ಭಾಷೆಯದಲ್ಲ. 1572ರ ಆಗಸ್ಟ್ 24ರಂದು ಪ್ಯಾರಿಸ್ಸಿನಲ್ಲಿ ಶುರುವಾದ ಪ್ರಾಟೆಸ್ಟೆಂಟರ ಕಗ್ಗೊಲೆ ಬೇರೆ ಊರುಗಳಿಗೂ ಹಬ್ಬಿತು. ಹ್ಯೂಗೆನೊಗಳೆಂದು ಕರೆಸಿಕೊಂಡಿದ್ದ ಅವರಲ್ಲಿ ಹಲವರು ಕಾಲುವೆ ದಾಟಿ ಇಂಗ್ಲೆಂಡಿಗೆ ಬಂದರು. ನೇಯುವವರು, ಅಚ್ಚುಮೊಳೆ ಜೋಡಿಸುವವರು, ಕುಶಲಕರ್ಮಿಗಳು. ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಇಂಗ್ಲಿಷ್ ಇರಲಿಲ್ಲ.

ಇದಕ್ಕೆ ಮೊದಲೂ ಸಂಭಾಷಣೆಯ ಪುಸ್ತಕಗಳಿದ್ದವು. 1483ರ ಸುಮಾರಿಗೆ ವಿಲಿಯಂ ಕ್ಯಾಕ್ಸ್‌ಟನ್ ಫ್ರೆಂಚ್-ಇಂಗ್ಲಿಷ್ ಪುಸ್ತಕವೊಂದನ್ನು ಅಚ್ಚು ಹಾಕಿದ್ದ. ಅದರ ಮೂಲ ಬ್ರೂಜ್ ಪಟ್ಟಣದ್ದು, ಲೋಕ ವ್ಯಾಪಾರಿಯದು. ಬೆಲ್ಲೊನೇ 1580ರಲ್ಲಿ ಇನ್ನೊಂದು ಪುಸ್ತಕ ಬರೆದಿದ್ದ. ಅದು ಉಚ್ಚಾರಣೆ, ವ್ಯಾಕರಣ ಎಂದು ಹೇಳುವ ಮೇಷ್ಟರ ಪುಸ್ತಕ. ಆರು ವರ್ಷಗಳ ನಂತರದ ಈ ಎರಡನೆಯದರಲ್ಲಿ ಅವನು ನಿಯಮಗಳನ್ನು ಬದಿಗಿಟ್ಟು ಬೀದಿಗಿಳಿದ. ಬೆಳಿಗ್ಗೆ ಏಳುವುದು, ಮಕ್ಕಳನ್ನು ಶಾಲೆಗೆ ಹೊರಡಿಸುವುದು, ಆಮೇಲೆ ಪೇಟೆ. ಕೋಳಿ ಮಾರುವವನು, ಹಣ್ಣಿನವನು, ಬಟ್ಟೆ ಅಂಗಡಿಯವನು, ಮೀನಿನವನು, ಮಾಂಸದವನು ಸಾಲಾಗಿ ಬರುತ್ತಾರೆ. ಬೆಲೆ ಕೇಳುವುದು, ಜಾಸ್ತಿಯಾಯಿತು ಎನ್ನುವುದು ಇಲ್ಲಿನ ಪಾಠ. ಪರಭಾಷೆಯಲ್ಲಿ ಚೌಕಾಸಿ ಮಾಡಲು ಬಂದರೆ ಅರ್ಧ ಭಾಷೆ ಬಂದ ಹಾಗೆಯೇ. ಉಳಿದರ್ಧಕ್ಕೆ ಬಹಳ ವರ್ಷ ಹಿಡಿಯುತ್ತದೆ.

ಅದೇ ಪುಸ್ತಕದಲ್ಲಿ ಊಟದ ಹೊತ್ತಿನ ಮಾತುಕತೆಯೊಂದಿದೆ. ನೆಂಟರು ಸೇರಿದ್ದಾರೆ, ಫ್ರಾನ್ಸಿನ ಸುದ್ದಿ ಬರುತ್ತದೆ. ಈ ದೇಶಕ್ಕೆ ಬಂದು ಸೇರಿದವರು ತುಂಬ ಜನವೇ ಎಂದು ಒಬ್ಬರು ಕೇಳುತ್ತಾರೆ. ತುಂಬ ಜನ, ಬಡತನದಿಂದ ಬಹಳ ಕಷ್ಟದಲ್ಲಿ ಬದುಕುತ್ತಿದ್ದಾರೆ ಎಂದು ಉತ್ತರ. ಅಲ್ಲಿಗೆ ನಾನು ಒಂದು ಕ್ಷಣ ನಿಂತೆ. ಇದೂ ಅಭ್ಯಾಸದ ವಾಕ್ಯವೇ! ಮೂರು ಕಾಲಮ್ಮಿನಲ್ಲಿ, ಉಚ್ಚಾರಣೆ ಸಮೇತ. ಮೀನಿನ ಬೆಲೆ ಕೇಳುವಷ್ಟೇ ನಿತ್ಯದ ಅಗತ್ಯವೆಂದು ಬೆಲ್ಲೊನಿಗೆ ತೋಚಿರಬೇಕು: ನೀವು ಯಾರು, ಯಾಕೆ ಬಂದಿರಿ ಎಂದು ಕೇಳುವವರು ದಿನವೂ ಸಿಗುತ್ತಾರಲ್ಲ. ಹೀಗೆ ಕೇಳುವವರೆಲ್ಲ ಕನಿಕರದಿಂದ ಕೇಳುತ್ತಿರಲಿಲ್ಲ. 1593ರ ಮೇ ತಿಂಗಳಲ್ಲಿ ಲಂಡನ್ನಿನ ಡಚ್ ಚರ್ಚಿನ ಗೋಡೆಗೆ ಯಾರೋ ಪರದೇಶಿಗಳನ್ನು ಬೆದರಿಸುವ ಪದ್ಯ ಅಂಟಿಸಿದ್ದರು. ಕೆಲಸ ಕಿತ್ತುಕೊಂಡರು ಎಂಬ ಹಳೆಯ ದೂರೂ ಅದರಲ್ಲಿತ್ತು.

ಉಚ್ಚಾರಣೆಯ ಆ ಕಾಲಮ್ಮಿನ ಕತೆ ಬೇರೆ. ಇಂಗ್ಲಿಷ್ ‘ಥ್ಯಾಂಕ್ಸ್’ನ ಮೊದಲ ದನಿ ಫ್ರೆಂಚಿನಲ್ಲಿ ಇಲ್ಲ. ಕನ್ನಡದಲ್ಲೂ ಇಲ್ಲ, ನಾವು ‘ಥ’ ಎಂದು ಬರೆದು ನಡೆಸಿಕೊಂಡು ಹೋಗುತ್ತಿದ್ದೇವೆ. ‘ಸ್ಕೂಲ್’ ನಮ್ಮ ಬಾಯಲ್ಲಿ ‘ಇಸ್ಕೂಲ್’ ಆದದ್ದೂ ಹೀಗೆಯೇ. ಇಂಥ ಬರವಣಿಗೆಯನ್ನು ಪಂಡಿತರು ಗೇಲಿ ಮಾಡುವುದುಂಟು. ಆದರೆ ಹದಿನಾರನೆಯ ಶತಮಾನದ ಇಂಗ್ಲಿಷ್ ಕಿವಿಗೆ ಹೇಗೆ ಕೇಳುತ್ತಿತ್ತು ಎಂದು ಹುಡುಕುವ ಭಾಷಾವಿಜ್ಞಾನಿಗಳಿಗೆ ಈಗ ಬೇಕಾಗಿರುವುದು ಅದೇ ಕಾಲಮ್ಮು.

ಶೇಕ್ಸ್‌ಪಿಯರನ ‘ಐದನೆಯ ಹೆನ್ರಿ’ಯಲ್ಲಿ ಫ್ರೆಂಚ್ ರಾಜಕುಮಾರಿ ಕ್ಯಾಥರೀನ್ ಸಖಿಯಿಂದ ಕೈ, ಬೆರಳು, ಉಗುರು, ಮೊಣಕೈ ಎಂದು ಇಂಗ್ಲಿಷ್ ಕಲಿಯುವ ದೃಶ್ಯವಿದೆ. ಪ್ರೇಕ್ಷಕರು ಅವಳ ಉಚ್ಚಾರಣೆಗೆ ನಗಬೇಕು. ಆದರೆ ಅವಳು ಕಲಿಯುತ್ತಿರುವುದು ಗೆದ್ದು ಬರುತ್ತಿರುವವರ ಭಾಷೆ. ಶೇಕ್ಸ್‌ಪಿಯರ್ ಮುಂದೆ 1604ರ ಸುಮಾರಿಗೆ ಒಂದು ಹ್ಯೂಗೆನೊ ಕುಟುಂಬದ ಮನೆಯಲ್ಲೇ ಬಾಡಿಗೆಗಿದ್ದ.

ಇಂಗ್ಲಿಷರೇ ಪರದೇಶಕ್ಕೆ ಹೋದಾಗ ಸಂಭಾಷಣೆಯ ಪುಸ್ತಕದ ದನಿ ಬದಲಾಯಿತು. 1800ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಹಿಂದೂಸ್ತಾನಿ ಕಲಿಸಿದ ಜಾನ್ ಗಿಲ್‌ಕ್ರಿಸ್ಟ್ ಕಂಪನಿಯವರಿಗಾಗಿ ಸಂಭಾಷಣೆಗಳನ್ನು ಬರೆದ. 1888ರಲ್ಲಿ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಬರೆದ ಮನೆವಾರ್ತೆಯ ಪುಸ್ತಕವು, ಆಳುಗಳಿಗೆ ಅರ್ಥವಾಗುವ ಹಾಗೆ ಅಪ್ಪಣೆ ಕೊಡಲು ಮನೆಯೊಡತಿ ಹಿಂದೂಸ್ತಾನಿ ಕಲಿಯಬೇಕೆಂದು ಹೇಳಿತು. ಬೆಲ್ಲೊನ ಓದುಗರಿಗೆ ಬೇಕಾದದ್ದು ಕೇಳುವ ಮಾತು, ಇವರಿಗೆ ಬೇಕಾದದ್ದು ಹೇಳಿ ಮಾಡಿಸುವ ಮಾತು.

ಈಗ ಬೆಂಗಳೂರಿನ ಕೆಲವು ಆಟೋಗಳಲ್ಲಿ ಡ್ರೈವರ್ ಸೀಟಿನ ಹಿಂದೆ ಒಂದು ಹಾಳೆ ಅಂಟಿಸಿರುತ್ತಾರೆ. ಕನ್ನಡ ಬಾರದ ಪ್ರಯಾಣಿಕರಿಗಾಗಿ ಇಂಗ್ಲಿಷಿನಲ್ಲಿ ಅರ್ಥ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಮಾತು. ‘ನಮಸ್ಕಾರ’, ‘ಎಷ್ಟು?’, ‘ನಿಲ್ಲಿಸಿ’ ಇಂಥವು. ಹತ್ತಿ ಕೂತವರು ಕೆಲವರು ಓದುತ್ತಾರೆ, ಕೆಲವರು ಫೋನ್ ನೋಡುತ್ತಾರೆ. ಬೆಲ್ಲೊನ ಊಟದ ಮೇಜಿನ ಮಾತನ್ನು, ನಿಮ್ಮ ಕಡೆಯವರು ಇಲ್ಲಿ ಹೇಗಿದ್ದಾರೆ ಎಂಬ ಪ್ರಶ್ನೆಯನ್ನು, ಅಂಥ ಹಾಳೆಯಲ್ಲಿ ನಾನಿನ್ನೂ ಕಂಡಿಲ್ಲ.