ಮರಳು ನುಂಗಿದ್ದು, ಮರಳು ಉಳಿಸಿದ್ದು: ಜಮೈಕಾದ ಪೋರ್ಟ್ ರಾಯಲ್

ಕಿಂಗ್‌ಸ್ಟನ್ ಬಂದರಿಗೂ ಕೆರಿಬಿಯನ್ ಕಡಲಿಗೂ ನಡುವೆ ಪ್ಯಾಲಿಸೇಡೋಸ್ ಎಂಬ ಉದ್ದನೆಯ ಮರಳುದಿಣ್ಣೆ ಚಾಚಿಕೊಂಡಿದೆ. ಅದರ ಮೇಲೆ 1853ರಲ್ಲಿ ಕಲ್ಲು ಮತ್ತು ಎರಕದ ಕಬ್ಬಿಣದಿಂದ ಕಟ್ಟಿದ ಪ್ಲಂ ಪಾಯಿಂಟ್ ದೀಪಸ್ತಂಭವಿದೆ. ದಿಣ್ಣೆಯ ತುದಿಯಲ್ಲಿರುವುದು ಪೋರ್ಟ್ ರಾಯಲ್. ಹುರಿದ ಮೀನು, ಮರಗೆಣಸಿನ ಬ್ಯಾಮಿ ರೊಟ್ಟಿಗೆ ಹೆಸರಾದ ಈ ಮೀನುಗಾರರ ಹಳ್ಳಿ ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ಅಮೆರಿಕದ ಅತಿ ಸಿರಿವಂತ ಪೇಟೆಗಳಲ್ಲೊಂದು.

1655ರಲ್ಲಿ ಇಂಗ್ಲಿಷರು ಸ್ಪೇನಿನಿಂದ ಜಮೈಕಾವನ್ನು ಕಿತ್ತುಕೊಂಡು ಇಲ್ಲಿ ಕೋಟೆ ಕಟ್ಟಿದರು. ಅದೇ ಮುಂದೆ ಫೋರ್ಟ್ ಚಾರ್ಲ್ಸ್ ಆಯಿತು. ಸ್ಪೇನಿನ ಹಡಗುಗಳ ಲೂಟಿ, ಸಕ್ಕರೆ, ಗುಲಾಮರ ವ್ಯಾಪಾರ ಮೂರೂ ಸೇರಿ ಊರು ಬೆಳೆಯಿತು. 1692ರ ಹೊತ್ತಿಗೆ ಸುಮಾರು 6,500 ಜನರಿದ್ದರು. ಜಾಗ ಸಾಲದೆ, ಒದ್ದೆ ಮರಳಿನ ಮೇಲೆಯೇ ಇಟ್ಟಿಗೆಯ ಬಹುಮಹಡಿ ಮನೆಗಳು ಎದ್ದವು. ಕೇಡು ಇದ್ದದ್ದು ಅಲ್ಲಿಯೇ.

1692ರ ಜೂನ್ 7ರಂದು ಭೂಕಂಪವಾಯಿತು. ನೀರು ತುಂಬಿದ ಮರಳು ಕುಲುಕಾಟಕ್ಕೆ ಬಿಗಿ ಕಳೆದುಕೊಂಡು ದ್ರವದಂತಾಯಿತು. ಊರಿನ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 33 ಎಕರೆ, ಕಡಲು ಸೇರಿತು. ಅಂದೇ ಸತ್ತವರು ಸುಮಾರು 2,000. ಗಾಯ, ರೋಗಗಳಿಂದ ಮುಂದೆ ಇನ್ನೂ ಸಾವಿರಾರು ಮಂದಿ ಸತ್ತರು. ಪಾಪದ ಊರಿಗೆ ದೇವರು ಕೊಟ್ಟ ಶಿಕ್ಷೆಯೆಂದು ಪಾದ್ರಿಗಳು ಸಾರಿದರು. ಆ ಮಾತಿನ ನೆರಳು ಇಂದಿನ ಪ್ರವಾಸಿ ಪುಸ್ತಿಕೆಗಳ ಮೇಲೂ ಇದೆ. ಅವುಗಳಿಗೆ ಹಡಗು ಲೂಟಿ ಮಾಡಿದ ಕಡಲ್ಗಳ್ಳರ ಕತೆಯೇ ಬೇಕು.

ನೀರಿನಡಿಯ ಸಾಕ್ಷ್ಯ ಹೇಳುವುದೇ ಬೇರೆ. 1959ರಲ್ಲಿ ನೀರಿನಡಿಯ ಶೋಧಕ ಎಡ್ವಿನ್ ಲಿಂಕ್ ಅವರ ತಂಡ ಮೇಲೆತ್ತಿದ ಜೇಬುಗಡಿಯಾರ 11 ಗಂಟೆ 43 ನಿಮಿಷಕ್ಕೆ ನಿಂತಿತ್ತು. 1960ರ ದಶಕದಲ್ಲಿ ಮುಳುಗುಗಾರ ರಾಬರ್ಟ್ ಮಾರ್ಕ್ಸ್ ಇಲ್ಲಿ ಅಗೆದರು. ಆದರೆ ನಿಧಾನದ, ಅಚ್ಚುಕಟ್ಟಾದ ಕೆಲಸ ನಡೆದದ್ದು 1981ರಿಂದ 1990ರವರೆಗೆ, ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಡಾನಿ ಹ್ಯಾಮಿಲ್ಟನ್ ಅವರ ನೇತೃತ್ವದಲ್ಲಿ. ಹೂಳು ಕದಡಿ ಕಣ್ಣು ಕಾಣದ ನೀರಿನಲ್ಲಿ ಮುಳುಗುಗಾರರು ಎಂಟು ಕಟ್ಟಡಗಳನ್ನು ಶೋಧಿಸಿದರು. ಒಂದೇ ಕಟ್ಟಡದಲ್ಲಿ ಮದ್ಯದಂಗಡಿ, ತಂಬಾಕಿನ ಮಣ್ಣಿನ ಪೈಪು ಮಾರುವವನ ಅಂಗಡಿ, ಜೋಡು ಹೊಲಿಯುವವನ ಮಳಿಗೆ ಪತ್ತೆಯಾದವು. ಇಟ್ಟಿಗೆಯ ನೆಲಹಾಸು ಹಾಕಿದಂತೆಯೇ ಉಳಿದಿತ್ತು. ದುಡಿಮೆಗಾರರ ಪೇಟೆಯೊಂದರ ದಿನಚರಿ ಇದು. ಕಟ್ಟಡಗಳು ಬುಡ ಕುಸಿದು ನೆಟ್ಟಗೆ ಇಳಿದದ್ದರಿಂದ, ಮೇಲೆ ಮರಳು ಮುಚ್ಚಿದ್ದರಿಂದ ಇಷ್ಟು ಉಳಿಯಿತು.

ದಡದ ಮೇಲೆ ಉಳಿದ ಊರಿಗೆ 1703ರಲ್ಲಿ ಬೆಂಕಿ, 1722ರಲ್ಲಿ ಚಂಡಮಾರುತ. 1907ರ ಭೂಕಂಪಕ್ಕೆ ವಾಲಿದ ಮದ್ದುಗುಂಡಿನ ಉಗ್ರಾಣ ಈಗಲೂ ಓರೆಯಾಗಿಯೇ ನಿಂತಿದೆ. ಒಳಹೊಕ್ಕವರಿಗೆ ತಲೆ ತಿರುಗುತ್ತದೆ. ಇಲ್ಲಿದ್ದ ಬ್ರಿಟಿಷ್ ನೌಕಾಪಡೆಯ ಹಡಗುಕಟ್ಟೆ ಆ ಭೂಕಂಪಕ್ಕೂ ಮೊದಲೇ, 1905ರಲ್ಲಿ, ಮುಚ್ಚಿತ್ತು. ಊರಿಗೆ ಉಳಿದ ಕಸುಬು ಮೀನು ಹಿಡಿಯುವುದು.

2025ರಲ್ಲಿ ಯುನೆಸ್ಕೊ ಪೋರ್ಟ್ ರಾಯಲ್ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಳುಗಿದ ಭಾಗ ನಿರ್ಬಂಧಿತ ಪ್ರದೇಶ. ಜಮೈಕಾ ನ್ಯಾಷನಲ್ ಹೆರಿಟೇಜ್ ಟ್ರಸ್ಟ್‌ನ ಅನುಮತಿಯಿಲ್ಲದೆ ಅಲ್ಲಿ ಮುಳುಗುವಂತಿಲ್ಲ. ಪ್ರವಾಸಿಗಳಿಗೆ ಇದು ನಿರಾಸೆ ತರಬಹುದು, ಆದರೆ ಅಗೆಯದೆ ಉಳಿದಿರುವ ಪಾಲೇ ಹೆಚ್ಚಾಗಿರುವುದರಿಂದ ಈ ಕಟ್ಟುನಿಟ್ಟು ಸರಿಯಾದದ್ದೇ.