ಚೆಂಡು ಕಳೆದುಕೊಂಡ ಚೆಂಡಿನ ಮನೆ

ಕೆಜಿಎಫ್‌ನಲ್ಲಿ ಜಿಮ್ಖಾನ ಎಂದರೆ ಬಯಲು. ಗಣಿ ಕಂಪನಿಗಳ ಕಾಲದಲ್ಲಿ ಫುಟ್‌ಬಾಲು, ಹಾಕಿ, ಓಟದ ಪಂದ್ಯಗಳಿಗೆ ಮೀಸಲಾದ ನೆಲಕ್ಕೆ ಅಂಟಿಕೊಂಡ ಹೆಸರು ಅದು. ಈಗಿನ ಹುಡುಗರನ್ನು ಅರ್ಥ ಕೇಳಿದರೆ ತಡಮಾಡದೆ ಬಿಡಿಸಿಕೊಡುತ್ತಾರೆ: ಜಿಮ್ ಅಂದರೆ ಡಂಬೆಲ್ ಎತ್ತುವ ಜಾಗ, ಖಾನ ಅಂದರೆ ಮನೆ, ಎರಡೂ ಸೇರಿದರೆ ಗರಡಿಮನೆ. ಅರ್ಧ ಅಂಕ ಕೊಡಬಹುದು. ಪದದ ಬಾಲ ಮನೆಯೇ ಹೌದು. ತಲೆಯ ಕಡೆ ಮೊದಲು ಇದ್ದದ್ದು ಚೆಂಡು.

ಈ ಗುಟ್ಟು ಹೊರಬಿದ್ದದ್ದು 1886ರಲ್ಲಿ ಅಚ್ಚಾದ ‘ಹಾಬ್ಸನ್-ಜಾಬ್ಸನ್’ ಎಂಬ ಪದಕೋಶದಲ್ಲಿ. ಬ್ರಿಟಿಷರ ಬಾಯಲ್ಲಿ ಓಡಾಡುತ್ತಿದ್ದ ನಮ್ಮ ನಾಡಿನ ಮಾತುಗಳನ್ನು ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅದರಲ್ಲಿ ಕಲೆಹಾಕಿದರು. (ಬರ್ನೆಲ್ ನಮಗೆ ಪೂರ್ತಿ ಹೊರಗಿನವನಲ್ಲ. ತುಳುನಾಡಿನ ಭೂತಾರಾಧನೆಯ ಬಗ್ಗೆ ಬರೆದವನು ಅವನೇ.) ಜಿಮ್ಖಾನ ತೀರ ಇತ್ತೀಚಿನ ಪದ, ತಮಗೆ ಸಿಕ್ಕ ಅತಿ ಹಳೆಯ ಬಳಕೆ 1861ರ ರೂರ್ಕಿಯದು, ಯಾರೋ ಮುಂಬಯಿ ಪ್ರಾಂತದಲ್ಲಿ ಕಟ್ಟಿದ ಪದವಿರಬೇಕು ಎಂದು ಅವರ ಅಂದಾಜು. ಮೂಲ? ‘ಗೇಂದ್‌ಖಾನಾ’. ಸಾಹೇಬರು ರ‍್ಯಾಕೆಟ್ ಹಿಡಿದು ಗೋಡೆಗೆ ಚೆಂಡು ಬಡಿಯುತ್ತಿದ್ದ ಕಟ್ಟಡಕ್ಕೆ ಹಿಂದುಸ್ತಾನಿ ಆಡುವ ಜನ ಇಟ್ಟಿದ್ದ ಹೆಸರು ಅದು. ಆ ಆಟಕ್ಕೆ ಗೋಡೆ ಬೇಕೇ ಬೇಕು. ಹಾಗಾಗಿ ಚೆಂಡಿನ ಮನೆ ಎಂಬ ಹೆಸರು ಅಕ್ಷರಶಃ ಒಪ್ಪುತ್ತಿತ್ತು.

ಖಾನೆಯ ಬಳಗ ನಮಗೆ ಹಳೆಯ ಪರಿಚಯ. ಕಾರ್ಖಾನೆ, ದವಾಖಾನೆ, ಬಂದೀಖಾನೆ ಎಲ್ಲವೂ ಪಾರಸಿಯ ಮನೆಯಿಂದ ಬಂದವು. ಖಾನಾವಳಿಯನ್ನು ಮಾತ್ರ ಈ ಸಾಲಿಗೆ ಸೇರಿಸಬಾರದು. ಅಲ್ಲಿರುವ ಖಾನಾ ಊಟ. ಹುಬ್ಬಳ್ಳಿಯಲ್ಲಿ ಜೋಳದ ರೊಟ್ಟಿ ಬಡಿಸುವವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಗೇಂದ್ ಎಂಬ ಮಾತಿನ ಕಥೆ ಇದಕ್ಕಿಂತ ರುಚಿ. ಸಂಸ್ಕೃತದ ಗೇಂದುಕ ಅದರ ಹಿರಿಯ. ಬಂಗಾರಪೇಟೆಯ ಯಾವುದಾದರೂ ಬೀದಿಯಲ್ಲಿ ಸಂಜೆ ಕ್ರಿಕೆಟ್ ನಡೆಯುವಾಗ ಚೆಂಡು ಪಕ್ಕದವರ ಕಾಂಪೌಂಡಿಗೆ ಬಿತ್ತೆನ್ನಿ. ಉರ್ದು ಮನೆಯ ಹುಡುಗ ಗೇಂದ್ ಎನ್ನುತ್ತಾನೆ, ತೆಲುಗಿನವನು ಬಂತಿ, ತಮಿಳಿನವನು ಪಂದು, ಕನ್ನಡದವನು ಚೆಂಡು. ಎಲ್ಲರಿಗೂ ಸೇರಿ ಬಾಲ್ ಅನ್ನುವುದೂ ಉಂಟು. ಈ ಗಡಿ ತಾಲ್ಲೂಕಿನಲ್ಲಿ ನಾಲ್ಕು ಭಾಷೆ ಒಂದೇ ಗೋಡೆ ಹತ್ತುವುದು ಯಾರಿಗೂ ಸೋಜಿಗವಲ್ಲ. ಸೋಜಿಗ ಇರುವುದು ಹೂವಿನ ಸಂತೆಯಲ್ಲಿ. ಕೋಲಾರದ ಕಡೆ ಬೆಳೆದು ಬುಟ್ಟಿಗಟ್ಟಲೆ ಬರುವ ಆ ಹಳದಿ, ಕಿತ್ತಳೆ ಹೂ ಕನ್ನಡದಲ್ಲಿ ಚೆಂಡುಹೂ, ತೆಲುಗಿನಲ್ಲಿ ಬಂತಿಪೂವು, ಹಿಂದಿ-ಉರ್ದುವಿನಲ್ಲಿ ಗೇಂದಾ, ತಮಿಳಿನಲ್ಲಿ ಚೆಂಡುಮಲ್ಲಿ. ಆ ಗಿಡದ ತವರು ಅಮೆರಿಕ ಖಂಡದ ಮೆಕ್ಸಿಕೋ ಕಡೆ. ಹಡಗೇರಿ ನಮ್ಮಲ್ಲಿಗೆ ಬಂದದ್ದು ಹದಿನಾರನೆಯ ಶತಮಾನದಿಂದ ಈಚೆಗೆ. ಹೆಸರಿಲ್ಲದೆ ಬಂದ ಹೂವನ್ನು ನೋಡಿ ನಾಲ್ಕೂ ಭಾಷೆಯವರಿಗೆ ಹೊಳೆದದ್ದು ಚೆಂಡೇ. ಯಾರು ಯಾರನ್ನು ನೋಡಿ ಬರೆದುಕೊಂಡರೋ, ಅಂತೂ ಉತ್ತರ ಒಂದೇ ಬಂದಿದೆ.

ನಮ್ಮ ಚೆಂಡು ಗೇಂದಿನ ಮಗುವಲ್ಲ, ದ್ರಾವಿಡ ಮನೆಯದು. ಹಳಗನ್ನಡದಲ್ಲಿ ಸೆಂಡು ಎಂಬ ರೂಪವೂ ಇದೆ, ತಮಿಳಿನಲ್ಲಿ ಸೆಂಡು ಹೂಗುಚ್ಛವೂ ಆಗುತ್ತದೆ. ಹಳೆಯ ತಮಿಳಿನ ‘ಸೆಂಡುವೆಳಿ’ ಕುದುರೆ ಓಡಿಸುವ ಬಯಲು. ಚೆಂಡು, ಕುದುರೆ, ಬಯಲು ಮೂರೂ ಒಟ್ಟಿಗೆ ಬರುವುದನ್ನು ನೆನಪಿಟ್ಟುಕೊಳ್ಳಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಮೇಲೆ ಕುಳಿತು ಚೆಂಡಾಡುವ ವಿನೋದಕ್ಕೂ ಜಾಗವಿದೆ. ಅಂದರೆ ಸಾಹೇಬರ ಪೋಲೊ ಈ ನೆಲಕ್ಕೆ ಹೊಸದೇನಲ್ಲ.

ಗೇಂದ್ ಜಿಮ್ ಆದದ್ದು ಹೇಗೆ? ಇಂಗ್ಲಿಷಿನಲ್ಲಿ ಆಗ ಜಿಮ್ನಾಸ್ಟಿಕ್ಸ್ ಎಂಬ ಪದಕ್ಕೆ ಒಳ್ಳೆ ಮರ್ಯಾದೆ. ಅದು ಗ್ರೀಕ್ ಮೂಲದ್ದು. ಬೆತ್ತಲೆ ಮೈಯಲ್ಲಿ ಸಾಧನೆ ಮಾಡುವುದು ಮೊದಲ ಅರ್ಥ. ಬೂಟು, ಟೋಪಿ, ಪೂರ್ತಿ ಬಟ್ಟೆ ತೊಟ್ಟು ಚೆಂಡಾಡುತ್ತಿದ್ದವರು ಆ ಗ್ರೀಕ್ ತಲೆಯನ್ನು ಪಾರಸಿ ಮುಂಡಕ್ಕೆ ಜೋಡಿಸಿದರು. ಹೀಗೆ ಬೆತ್ತಲೆಯವರ ಮನೆಯಾದದ್ದನ್ನು ಅವರಲ್ಲಿ ಯಾರೂ ಗಮನಿಸಿದಂತಿಲ್ಲ. 1875ರಲ್ಲಿ ಬಾಂಬೆ ಜಿಮ್ಖಾನ ಶುರುವಾಯಿತು, 1884ರಲ್ಲಿ ಮದ್ರಾಸಿನದು. ಬಾಂಬೆ ಜಿಮ್ಖಾನದ ಬಾಗಿಲು ಭಾರತೀಯರಿಗೆ ಮುಚ್ಚಿತ್ತು. ಅದಕ್ಕೆ ಉತ್ತರವಾಗಿ ಪಾರ್ಸಿಗಳು, ಹಿಂದೂಗಳು, ಮುಸಲ್ಮಾನರು ಕಡಲಂಚಿನಲ್ಲಿ ತಮ್ಮತಮ್ಮ ಜಿಮ್ಖಾನ ಕಟ್ಟಿಕೊಂಡರು. ಆಟದ ಬಯಲಿಗೂ ಜಾತಿಯ ಬೇಲಿ ಬಿತ್ತು.

ಆ ಬೇಲಿ ದಾಟಿದ ಹೊಸಬನೊಬ್ಬ ನಮ್ಮ ಧಾರವಾಡದಲ್ಲೇ ಹುಟ್ಟಿದವನು. ದಲಿತ ಕುಟುಂಬದ ಪಾಳವಣಕರ್ ಬಾಳೂ ಪುಣೆಯ ಸಾಹೇಬರ ಕ್ಲಬ್ಬಿಗೆ ಸೇರಿದ್ದು ಆಟಗಾರನಾಗಿ ಅಲ್ಲ. ಪಿಚ್‌ಗೆ ರೋಲರ್ ಎಳೆಯಲು, ನೆಟ್‌ನಲ್ಲಿ ಬ್ಯಾಟ್ ಮಾಡುವವರಿಗೆ ಚೆಂಡು ಎಸೆಯಲು. ಎಡಗೈ ಸ್ಪಿನ್ ಪಳಗಿದ್ದು ಅಲ್ಲೇ. ಮುಂದೆ ಹಿಂದೂಗಳ ತಂಡಕ್ಕೆ ಅವನಿಲ್ಲದೆ ನಡೆಯದಂತಾಯಿತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮಿಕ್ಕಿ ವಿಕೆಟ್ ತೆಗೆದ. ಆದರೂ ಪುಣೆಯಲ್ಲಿ ಚಹಾ ಕುಡಿಯಲು ಅವನಿಗೆ ಬೇರೆ ಲೋಟ. ಜಿಮ್ಖಾನ ಎಂಬ ಪದದ ಚರಿತ್ರೆ ಬರೆಯುವವರು ಆ ಲೋಟವನ್ನು ಬಿಟ್ಟು ಬರೆಯಬಾರದು.

ಕೆಜಿಎಫ್‌ಗೆ ಈ ಪದ ಬಂದದ್ದು ಬೇರೆ ದಾರಿಯಲ್ಲಿ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಗಣಿ ವಹಿಸಿಕೊಂಡ ಮೇಲೆ ಇಂಗ್ಲಿಷ್ ಎಂಜಿನಿಯರುಗಳ ಬಂಗಲೆಗಳೂ ಕ್ಲಬ್ಬೂ ಗಾಲ್ಫ್ ಮೈದಾನವೂ ಎದ್ದವು. ಇವರೆಲ್ಲ ರೈಲು ಇಳಿಯುತ್ತಿದ್ದ ಬೌರಿಂಗ್‌ಪೇಟೆ, ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನ ಊರು. ಚಿನ್ನದ ನೆರೆಯಲ್ಲಿದ್ದುಕೊಂಡು ಅದು ಬಂಗಾರಪೇಟೆ ಆಗದೆ ಇನ್ನೇನಾದೀತು! ಕ್ಲಬ್ಬು ಮಾತ್ರ ದೊರೆಗಳದು. ಒಳಗೆ ಹೋಗಲು ಹೆಸರು ಸೂಚಿಸುವವರೊಬ್ಬರು, ಅನುಮೋದಿಸುವವರೊಬ್ಬರು ಬೇಕೆಂಬುದು ಇಂಥ ಕ್ಲಬ್ಬುಗಳ ಪದ್ಧತಿ. ಗಣಿಯಿಂದ ಶಿಫ್ಟು ಮುಗಿಸಿ ಮೇಲೆ ಬಂದವರಿಗೆ ಸಿಕ್ಕಿದ್ದು ಬಯಲು. ಹೀಗಾಗಿ ಮುಂಬಯಿಯಲ್ಲಿ ಬೇಲಿಯ ಗುರುತಾಗಿದ್ದ ಪದ ಇಲ್ಲಿ ಬೇಲಿಯ ಹೊರಗಿನ ನೆಲಕ್ಕೆ ಒಗ್ಗಿಕೊಂಡಿತು ಎಂದು ನನ್ನ ಓದು. ಗೋಡೆಯೂ ಹೋಯಿತು, ಸದಸ್ಯತ್ವದ ಪುಸ್ತಕವೂ ಹೋಯಿತು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಹೆಸರು ಉಳಿಯಿತು.

ಉತ್ತರ ಕರ್ನಾಟಕದಲ್ಲಿ ಪದ ಇನ್ನೊಂದು ವೇಷ ಹಾಕಿದೆ. ಅಲ್ಲಿನ ಕಾಲೇಜುಗಳಲ್ಲಿ ಜಿಮಖಾನಾ ಎಂದರೆ ಆಟೋಟ, ಭಾಷಣ, ಗಾಯನ ಸ್ಪರ್ಧೆಗಳನ್ನೆಲ್ಲ ನಡೆಸುವ ವಿಭಾಗ. ಚೆಂಡು ಮುಟ್ಟದ ಹಾಡುಗಾರನಿಗೂ ಪ್ರಮಾಣಪತ್ರ ಕೊಡುವುದು ಅದೇ. ಇಂಗ್ಲೆಂಡಿಗೆ ಮರಳಿದ ಜಿಮ್ಖಾನ ಮಕ್ಕಳು ಸಣ್ಣ ಕುದುರೆ ಏರಿ ಆಡುವ ಪಂದ್ಯವಾಯಿತು. ಅಮೆರಿಕದಲ್ಲಿ, ಜಪಾನಿನಲ್ಲಿ ಕಾರನ್ನು ಕಂಬಗಳ ನಡುವೆ ಗಿರಕಿ ಹೊಡೆಸುವುದಕ್ಕೂ ಅದೇ ಹೆಸರು. ಚೆಂಡೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಯಿತು.

ಚೆಂಡಿನ ನಿಷ್ಠೆ ಬಿಡದ ಇಂಗ್ಲಿಷ್ ಪದವೊಂದು ನಮ್ಮ ಬೀದಿಯಲ್ಲೇ ಇದೆ: ಬೌಲಿಂಗ್. ಅದರೊಳಗಿನ ‘ಬೌಲ್’ ಫ್ರೆಂಚಿನಿಂದ ಬಂದ ಚೆಂಡು, ಲ್ಯಾಟಿನ್ನಿನಲ್ಲಿ ನೀರಗುಳ್ಳೆ. ಕ್ರಿಕೆಟ್ಟಿನಲ್ಲಿ ಮೊದಮೊದಲು ಚೆಂಡನ್ನು ನೆಲದ ಮೇಲೆ ಉರುಳಿಸುತ್ತಿದ್ದರು. ಕೈ ಮೇಲೆತ್ತಿ ಎಸೆಯಲು ನಿಯಮ ಒಪ್ಪಿದ್ದು 1864ರಲ್ಲಿ. ಉರುಳಿಸುವುದನ್ನೇ ಬಿಡದೆ ಉಳಿಸಿಕೊಂಡ ಆಟ ಲಾನ್ ಬೌಲ್ಸ್. 2022ರ ಆಗಸ್ಟ್ 2ರಂದು ಬರ್ಮಿಂಗ್ಹ್ಯಾಮಿನ ಕಾಮನ್‌ವೆಲ್ತ್ ಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ ಸಿಂಗ್, ನಯನ್‌ಮೋನಿ ಸೈಕಿಯಾ, ರೂಪಾರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದಾಗ ಈ ಆಟದ ಹೆಸರನ್ನು ನಮ್ಮಲ್ಲಿ ಬಹಳ ಜನ ಮೊದಲ ಸಲ ಕೇಳಿದರು.

ಹೊಸಬರಿಗೆ ಅದು ಭಯ ಹುಟ್ಟಿಸುವ ಆಟವೇನಲ್ಲ. ಗೋಲಿ ಆಡುವಾಗ ಮೊದಲ ಸರದಿ ಯಾರದೆಂದು ನಿರ್ಧರಿಸಲು ಗೆರೆಯ ಕಡೆ ಉರುಳಿಸುತ್ತೇವಲ್ಲ, ಹತ್ತಿರ ನಿಂತವನೇ ಗೆದ್ದಂತೆ. ಅದನ್ನೇ ಇಡೀ ಆಟವಾಗಿ ಬೆಳೆಸಿದ್ದಾರೆ. ಗೆರೆಯ ಜಾಗದಲ್ಲಿ ಜ್ಯಾಕ್ ಎಂಬ ಪುಟ್ಟ ಚೆಂಡು. ಎರಡೂ ಕೈಗಳ ಹೆಬ್ಬೆರಳು, ನಡುಬೆರಳುಗಳನ್ನು ಜೋಡಿಸಿ ಸುತ್ತುವರಿದರೆ ಆ ಬಳೆಯೊಳಗೆ ಕೂರುವ ಅಳತೆಯ ಬೌಲ್ ಆರಿಸಬೇಕು. ಹುಲ್ಲು ಕೀಳದಂತೆ ಚಪ್ಪಟೆ ತಳದ ಬೂಟು ಬೇಕು. ಕಲಿಯುವ ದಿನಗಳಲ್ಲಿ ಬರಿಗಾಲೂ ಆದೀತು. ತೊಡಕು ಒಂದೇ: ಬೌಲ್ ಪೂರ್ತಿ ದುಂಡಗಿಲ್ಲ, ವೇಗ ಇಳಿದಂತೆಲ್ಲ ಒಂದು ಮಗ್ಗುಲಿಗೆ ವಾಲುತ್ತದೆ. ಅದರ ಎರಡು ಪಕ್ಕದಲ್ಲೂ ಗುರುತು ಇರುತ್ತದೆ; ಚಿಕ್ಕ ಗುರುತು ಇರುವ ಕಡೆಗೇ ವಾಲುವುದು. ನೇರ ಜ್ಯಾಕ್‌ಗೆ ಗುರಿಯಿಟ್ಟರೆ ತಪ್ಪುತ್ತದೆ. ಪಕ್ಕದ ಖಾಲಿ ಹುಲ್ಲಿಗೆ ಗುರಿಯಿಟ್ಟು ಬಿಡಬೇಕು, ಮಿಕ್ಕ ದಾರಿ ಅದೇ ತಿರುಗಿಕೊಳ್ಳುತ್ತದೆ. ಚಿಕ್ಕ ಗುರುತನ್ನು ಹೊರಮುಖವಾಗಿ ಹಿಡಿದು ಪಕ್ಕದ ಸಾಲಿನವರ ಆಟಕ್ಕೆ ಬೌಲ್ ನುಗ್ಗಿಸದ ಹೊಸಬ ಅಪರೂಪ.